ಟಿಬೆಟನ್ ವೈದ್ಯ: ಬುದ್ಧವಚನವೋ, ವೈದ್ಯರ ಶಾಸ್ತ್ರವೋ?

ಶಾಸನಪ್ರಿಯ:
ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ ಶಿಬಿರಗಳಲ್ಲಿ ಮೆನ್‌ತ್ಸೀಖಾಂಗ್ ಎಂಬ ಟಿಬೆಟನ್ ವೈದ್ಯಸಂಸ್ಥೆಯ ಚಿಕಿತ್ಸಾಲಯಗಳಿವೆ, ಸುತ್ತಲಿನ ಕನ್ನಡದ ರೋಗಿಗಳೂ ಹೋಗುತ್ತಾರೆ. ಅಲ್ಲಿ ನಡೆಯುವ ವೈದ್ಯಕ್ಕೆ ಸೋವಾ ರಿಗ್ಪಾ ಅಂತ ಹೆಸರು. ಅದರ ಬಗ್ಗೆ ಎರಡು ಮಾತು ಎಲ್ಲ ಕಡೆ ಕೇಳಿಬರುತ್ತವೆ. ಒಂದು, ಇದು ಬುದ್ಧನೇ ಬೋಧಿಸಿದ ವೈದ್ಯ. ಇನ್ನೊಂದು, ಇದು ನಮ್ಮ ಆಯುರ್ವೇದವೇ, ಟಿಬೆಟನ್ ಭಾಷೆಗೆ ಇಳಿಸಿಕೊಂಡಿದ್ದಾರೆ ಅಷ್ಟೆ. ಎರಡೂ ಪೂರ್ತಿ ಸರಿ ಇರಲಾರದು. ಮೂಲಗ್ರಂಥ ಓದಿದವರು, ಔಷಧ ಬಲ್ಲವರು ಇಲ್ಲಿದ್ದೀರಿ. ಬೌದ್ಧಧರ್ಮ ಈ ವೈದ್ಯದೊಳಗೆ ಎಲ್ಲೆಲ್ಲಿ ಇದೆ, ಎಲ್ಲಿ ಇಲ್ಲ ಅಂತ ಅಧ್ಯಾಯ ಹಿಡಿದು ಹೇಳಿದರೆ ಉಪಕಾರ.

ವೈಡೂರ್ಯ:
ಗ್ಯುಶಿಯಿಂದಲೇ ಶುರು ಮಾಡಬೇಕು, ಮೂಲಗ್ರಂಥ ಅದೇ. ನಾಲ್ಕು ತಂತ್ರಗಳು, ಒಟ್ಟು 156 ಅಧ್ಯಾಯ: ಮೂಲತಂತ್ರ 6, ವ್ಯಾಖ್ಯಾನತಂತ್ರ 31, ಉಪದೇಶತಂತ್ರ 92, ಉತ್ತರತಂತ್ರ 27. ಚೌಕಟ್ಟು ಬೌದ್ಧ ತಂತ್ರಗ್ರಂಥದ್ದು. ತಾನಾದುಗ್ ಎಂಬ ಔಷಧನಗರಿ, ನಡುವೆ ಭೈಷಜ್ಯಗುರು ಬುದ್ಧ. ಆತನ ಹೃದಯದಿಂದ ಹೊರಟ ಋಷಿ ರಿಗ್ಪೆ ಯೇಶೆ ಉತ್ತರ ಹೇಳುತ್ತಾನೆ, ನಾಲಿಗೆಯಿಂದ ಹೊರಟ ಋಷಿ ಯೀಲೆಕ್ಯೆ ಪ್ರಶ್ನೆ ಕೇಳುತ್ತಾನೆ. ಕೇಳುವವನೂ ಹೇಳುವವನೂ ಒಬ್ಬನೇ ಬುದ್ಧನ ರೂಪಗಳು.

ಆ ಸಭೆಯಲ್ಲಿ ಯಾರು ಕೂತಿದ್ದಾರೆ ನೋಡಿ. ದೇವತೆಗಳು, ಋಷಿಗಳು, ವೈದಿಕರು, ಬೌದ್ಧರು, ನಾಲ್ಕೂ ಗುಂಪಿನವರು. ಹೇಳುವ ಮಾತು ಒಂದೇ, ಆದರೆ ಪ್ರತಿ ಗುಂಪೂ ತನ್ನ ಪರಂಪರೆಯ ಮಾತು ಕೇಳಿದಂತೆ ಕೇಳಿಸಿಕೊಳ್ಳುತ್ತದೆ. ಅಂದರೆ ವೈದ್ಯ ಬೌದ್ಧರೊಬ್ಬರ ಸ್ವತ್ತಲ್ಲ ಅನ್ನುವುದನ್ನು ಗ್ರಂಥವೇ ಮೊದಲ ಅಧ್ಯಾಯದಲ್ಲಿ ಒಪ್ಪಿಕೊಂಡಿದೆ. ನನಗೆ ಇಡೀ ಪುಸ್ತಕದಲ್ಲಿ ತುಂಬ ಮುಖ್ಯ ಅನ್ನಿಸುವ ಜಾಗ ಇದು.

ಮೂಲತಂತ್ರದ ಕೊನೆಯಲ್ಲಿ ಇಡೀ ಶಾಸ್ತ್ರವನ್ನು ಮರದ ರೂಪದಲ್ಲಿ ಕಟ್ಟಿದ್ದಾರೆ: 3 ಬೇರು, 9 ಕಾಂಡ, 47 ಕೊಂಬೆ, 224 ಎಲೆ. ಮೊದಲ ಬೇರು ದೇಹಸ್ಥಿತಿಯದು: ಸ್ವಸ್ಥ, ಅಸ್ವಸ್ಥ ಅಂತ 2 ಕಾಂಡ, 12 ಕೊಂಬೆ, 88 ಎಲೆ. ಎರಡನೆಯದು ರೋಗಪರೀಕ್ಷೆ: ನೋಡು, ಮುಟ್ಟು, ಕೇಳು ಅಂತ 3 ಕಾಂಡ, 8 ಕೊಂಬೆ, 38 ಎಲೆ. ಮೂರನೆಯದು ಚಿಕಿತ್ಸೆ: ಆಹಾರ, ವಿಹಾರ, ಔಷಧ, ಬಾಹ್ಯೋಪಚಾರ ಅಂತ 4 ಕಾಂಡ, 27 ಕೊಂಬೆ, 98 ಎಲೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಮರದ ತುದಿಯಲ್ಲಿ ಎರಡು ಹೂ: ಆರೋಗ್ಯ, ದೀರ್ಘಾಯುಷ್ಯ. ಮೂರು ಹಣ್ಣು: ಧರ್ಮ, ಅರ್ಥ, ಸುಖ. ಇಷ್ಟು ಎಲೆಗಳಲ್ಲಿ ಧರ್ಮೋಪದೇಶದ ಎಲೆಗಳು ಕಡಿಮೆ. ಹೆಚ್ಚಿನವು ಊಟ, ಕಷಾಯ, ಚೂರ್ಣ, ಮೂತ್ರದ ಬಣ್ಣ.

ಪಾಳಿಪತ್ರ:
ಟಿಬೆಟ್ಟಿಗೆ ಹೋಗುವ ಮೊದಲಿನ ಕತೆಯನ್ನೂ ಇಲ್ಲಿ ಸೇರಿಸಬೇಕು. ಭಿಕ್ಷುಗಳ ನಿಯಮಗ್ರಂಥವಾದ ವಿನಯದಲ್ಲಿ ಔಷಧಕ್ಕೇ ಒಂದು ಸ್ಕಂಧಕ (ಭಾಗ) ಇದೆ. ಟಿಬೆಟನ್ನರು ಅನುಸರಿಸುವ ಮೂಲಸರ್ವಾಸ್ತಿವಾದ ಪಂಥದ ವಿನಯದಲ್ಲಿ ಅದು ಭೈಷಜ್ಯವಸ್ತು. ಸೇವಿಸುವ ವಸ್ತುಗಳನ್ನು ಇಟ್ಟುಕೊಳ್ಳುವ ಅವಧಿ ಮೇಲೆ ನಾಲ್ಕು ಮಾಡಿದ್ದಾರೆ. ಕಾಲಿಕ ಅಂದರೆ ಅನ್ನಾಹಾರ, ಮಧ್ಯಾಹ್ನದೊಳಗೆ ಮುಗಿಯಬೇಕು. ಯಾಮಿಕ ಅಂದರೆ ಸೋಸಿದ ಹಣ್ಣಿನ ರಸ, ಆ ರಾತ್ರಿ ಕಳೆಯುವುದರೊಳಗೆ. ಸಾಪ್ತಾಹಿಕ ಅಂದರೆ ತುಪ್ಪ, ಎಣ್ಣೆ, ಜೇನು, ಕಾಕಂಬಿ, ಏಳು ದಿನ. ಯಾವಜ್ಜೀವಿಕ ಅಂದರೆ ಬೇರು, ಎಲೆ, ಹಣ್ಣು, ಉಪ್ಪುಗಳು, ಬೇಕಾದಷ್ಟು ಕಾಲ. ಸನ್ಯಾಸಿ ಸಂಗ್ರಹ ಮಾಡಬಾರದು ಅನ್ನುವ ನಿಯಮಕ್ಕೂ ಕಾಯಿಲೆಯವನಿಗೆ ಮದ್ದು ಕೈಗೆಟುಕಬೇಕು ಅನ್ನುವ ಅಗತ್ಯಕ್ಕೂ ನಡುವೆ ಮಾಡಿಕೊಂಡ ಹೊಂದಾಣಿಕೆ ಅದು. ಹೀಗೆ ಬೇರು ನಾರು ಜೀವನಪೂರ್ತಿ ಇಟ್ಟುಕೊಳ್ಳಬಹುದು ಅಂತಾದ ಮೇಲೆ ವಿಹಾರಗಳೇ ಔಷಧದ ಉಗ್ರಾಣಗಳಾದವು.

ಪಾಳಿ ವಿನಯದ ಮಹಾವಗ್ಗದಲ್ಲಿ ಪಾಂಡುರೋಗದ ಭಿಕ್ಷುವಿಗೆ ಗೋಮೂತ್ರದಲ್ಲಿ ನೆನೆಸಿದ ಅಳಲೆಕಾಯಿಗೆ ಅನುಮತಿ ಇದೆ. ಹಾವು ಕಚ್ಚಿದರೆ ಸಗಣಿ, ಮೂತ್ರ, ಬೂದಿ, ಮಣ್ಣು. ಅತಿಸಾರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಆನಂದನೂ ಕೈಯಾರೆ ತೊಳೆದು, ನನ್ನ ಸೇವೆ ಮಾಡಬೇಕು ಅನ್ನುವವನು ರೋಗಿಯ ಸೇವೆ ಮಾಡಲಿ ಅಂತ ಬುದ್ಧ ಹೇಳುವುದೂ ಅಲ್ಲೇ.

ಆದರೆ ಒಂದು ಎಚ್ಚರಿಕೆ. ನಾಲ್ಕು ಆರ್ಯಸತ್ಯಗಳು ವೈದ್ಯರಿಂದ ಎರವಲು ಪಡೆದದ್ದು ಅಂತ ಸಲೀಸಾಗಿ ಬರೆಯುತ್ತಾರೆ. ಬುದ್ಧನಿಗಿಂತ ಹಿಂದಿನ ಯಾವ ವೈದ್ಯಗ್ರಂಥವೂ ಅದಕ್ಕೆ ಆಧಾರವಾಗಿ ಉಳಿದಿಲ್ಲ. ಚರಕದಲ್ಲಿ ಹೇತು, ಲಿಂಗ, ಪ್ರಶಮನ, ಅಪುನರ್ಭವ ಅಂತ ನಾಲ್ಕರ ಗುಂಪಿದೆ, ಆದರೆ ಆ ಸಂಹಿತೆ ಬುದ್ಧನ ಎಷ್ಟೋ ಕಾಲದ ನಂತರದ್ದು.

ವಾಗ್ಭಟಪಾಠ:
ಆಯುರ್ವೇದದ ಕಡೆಯಿಂದ ನನ್ನ ಮಾತು. ಟಿಬೆಟನ್ನರಿಗೆ ಹೆಚ್ಚಾಗಿ ಸಿಕ್ಕಿದ್ದು ಚರಕ, ಸುಶ್ರುತರಲ್ಲ, ವಾಗ್ಭಟ. ಆತನ 120 ಅಧ್ಯಾಯದ ಅಷ್ಟಾಂಗಹೃದಯವನ್ನು ರಿಂಚೆನ್ ಸಾಂಗ್ಪೊ (958–1055) ಜನಾರ್ದನ ಎಂಬ ಪಂಡಿತರ ಜೊತೆ ಕೂತು ಟಿಬೆಟನ್ನಿಗೆ ತಂದರು. ಚಂದ್ರನಂದನನ ಪದಾರ್ಥಚಂದ್ರಿಕಾ ವ್ಯಾಖ್ಯಾನವೂ ಅನುವಾದವಾಗಿ ಟಿಬೆಟನ್ನಿನ ಅನುವಾದಿತ ಶಾಸ್ತ್ರಗಳ ಸಂಗ್ರಹವಾದ ತೆಂಗ್ಯೂರ್ ಸೇರಿತು. ನಾಗಾರ್ಜುನನ ಹೆಸರಿನ ಯೋಗಶತಕ, ರವಿಗುಪ್ತನ ಸಿದ್ಧಸಾರ ಕೂಡ ಹಾಗೆಯೇ ಹೋದವು.

ವ್ಯಾಖ್ಯಾನತಂತ್ರದ ಋತುಚರ್ಯೆ, ದಿನಚರ್ಯೆ, ರಸಗಳ ಅಧ್ಯಾಯಗಳನ್ನು ಅಷ್ಟಾಂಗಹೃದಯದ ಸೂತ್ರಸ್ಥಾನದ ಪಕ್ಕ ಇಟ್ಟು ಓದಿ, ಸಾಲುಸಾಲಾಗಿ ಎತ್ತಿಕೊಂಡದ್ದು ಕಾಣುತ್ತದೆ. ವಾತ ಕೆಳಗೆ, ಪಿತ್ತ ನಡುವೆ, ಕಫ ಮೇಲೆ ಅನ್ನುವ ಹಂಚಿಕೆಯೇ ಇವುಗಳ ಟಿಬೆಟನ್ ಹೆಸರುಗಳಾದ ಲುಂಗ್, ಟ್ರೀಪಾ, ಬೇಕೆನ್‌ಗೂ ಇದೆ. ಒಂದೊಂದರಲ್ಲಿ ಐದೈದು ಬಗೆ, ಒಟ್ಟು 15, ಅದೂ ನಮ್ಮದೇ ಲೆಕ್ಕ.

ಹಾಗಂತ ಬೌದ್ಧ ಛಾಯೆ ಬಂದದ್ದು ಟಿಬೆಟ್ಟಿನಲ್ಲಿ ಅನ್ನಬೇಡಿ. ವಾಗ್ಭಟನ ಮಂಗಳಶ್ಲೋಕವೇ ‘ರಾಗಾದಿರೋಗಾನ್ ಸತತಾನುಷಕ್ತಾನ್’ ಅಂತ ಶುರುವಾಗುತ್ತದೆ: ರಾಗ ಮುಂತಾದವೇ ರೋಗಗಳು, ಅವನ್ನು ಕೊಂದ ಅಪೂರ್ವವೈದ್ಯನಿಗೆ ನಮಸ್ಕಾರ. ಶಾರೀರಸ್ಥಾನದ ಮೊದಲ ಶ್ಲೋಕದಲ್ಲಿ ಗರ್ಭಕ್ಕೆ ಬರುವ ಸತ್ತ್ವ (ಜೀವ) ‘ಸ್ವಕರ್ಮಕ್ಲೇಶಚೋದಿತಃ’, ತನ್ನ ಕರ್ಮ, ಕ್ಲೇಶಗಳು ತಳ್ಳಿದ್ದು. ಕರ್ಮ, ಕ್ಲೇಶ ಎರಡನ್ನೂ ಜೋಡಿಸಿ ಹೇಳುವ ರೀತಿ ಬೌದ್ಧರಿಗೆ ಮನೆಮಾತು. ಕಾಲೇಜಿನಲ್ಲಿ ಈ ಶ್ಲೋಕಗಳನ್ನು ಪರೀಕ್ಷೆಗೆ ಉರು ಹೊಡೆಸುತ್ತೇವೆ, ಈ ಕೋನದಿಂದ ಪಾಠ ಮಾಡುವುದೇ ಇಲ್ಲ.

ವೈಡೂರ್ಯ:
ವಾಗ್ಭಟಪಾಠ ಅವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಗ್ಯುಶಿ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ವಾಗ್ಭಟ ನಮಸ್ಕಾರದಲ್ಲಿ ಹೇಳಿ ಬಿಟ್ಟದ್ದನ್ನು ಇದು ಶರೀರಶಾಸ್ತ್ರವನ್ನೇ ಮಾಡಿದೆ. ಅವಿದ್ಯೆಯಿಂದ ಮೂರು ವಿಷ, ಒಂದೊಂದು ವಿಷದಿಂದ ಒಂದೊಂದು ದೋಷ: ರಾಗದಿಂದ ಲುಂಗ್, ದ್ವೇಷದಿಂದ ಟ್ರೀಪಾ, ಮೋಹದಿಂದ ಬೇಕೆನ್. ನಾಡಿಗಳ ಅಧ್ಯಾಯದಲ್ಲಿ ಹೊಕ್ಕುಳಿಂದ ಮೂರು ನಾಡಿ ಹೊರಡುತ್ತವೆ. ಮೇಲೆ ಹೋದದ್ದು ಮಿದುಳನ್ನು ಕಟ್ಟುತ್ತದೆ, ಮೋಹ ಅಲ್ಲಿ, ಆದ್ದರಿಂದ ಬೇಕೆನ್ ಮೇಲೆ. ನಡುವಿನದು ಪ್ರಾಣನಾಡಿ, ದ್ವೇಷ ಅಲ್ಲಿ ಮತ್ತು ರಕ್ತದಲ್ಲಿ, ಆದ್ದರಿಂದ ಟ್ರೀಪಾ ನಡುವೆ. ಕೆಳಗೆ ಹೋದದ್ದು ಗುಹ್ಯಾಂಗ, ರಾಗ ಅಲ್ಲಿ, ಆದ್ದರಿಂದ ಲುಂಗ್ ಕೆಳಗೆ. ವಾಗ್ಭಟನ ಹಂಚಿಕೆಗೆ ಬೌದ್ಧ ಕಾರಣ ಕೊಟ್ಟ ಬಗೆ ಇದು.

ಗರ್ಭದ ಅಧ್ಯಾಯವೂ ಅಷ್ಟೆ. ತಂದೆತಾಯಿಯ ಬೀಜ ಸರಿಯಿದ್ದರೆ ಸಾಲದು, ಕರ್ಮ ತಳ್ಳಿಕೊಂಡು ಬಂದ ವಿಜ್ಞಾನ (ಪ್ರಜ್ಞೆ), ಐದು ಭೂತಗಳು ಎಲ್ಲ ಕೂಡಬೇಕು. ಆಮೇಲೆ 38 ವಾರದ ಬೆಳವಣಿಗೆಯನ್ನು ವಾರವಾರವೂ ಹೇಳುತ್ತಾ ಮೀನು, ಆಮೆ, ಹಂದಿ ಎಂಬ ಮೂರು ಘಟ್ಟ ಮಾಡುತ್ತಾರೆ. ವಾರದ ಲೆಕ್ಕ ಬಂದದ್ದು ನಂದನಿಗೆ ಬುದ್ಧ ಹೇಳಿದ ಗರ್ಭಾವಕ್ರಾಂತಿ ಸೂತ್ರದ ಕಡೆಯಿಂದ.

ಶಾಸನಪ್ರಿಯ:
ಹಾಗಾದರೆ ಗ್ಯುಶಿ ಬರೆದವರು ಯಾರು? ಸಂಸ್ಕೃತ ಮೂಲ ಇತ್ತೇ?

ವೈಡೂರ್ಯ:
ಈ ಪ್ರಶ್ನೆಗೆ ಟಿಬೆಟನ್ ವೈದ್ಯರೇ ಶತಮಾನಗಟ್ಟಲೆ ಜಗಳವಾಡಿದ್ದಾರೆ.

ಪರಂಪರೆಯ ಕತೆ ಹೀಗಿದೆ: 8ನೇ ಶತಮಾನದಲ್ಲಿ ವೈರೋಚನ ಅನುವಾದ ಮಾಡಿದ, ರಾಜ ಟ್ರಿಸಾಂಗ್ ದೆಚೆನ್ ಕಾಲದಲ್ಲಿ ಸಾಮ್ಯೆ ವಿಹಾರದ ಕಂಬದಲ್ಲಿ ಬಚ್ಚಿಟ್ಟರು, 1038ರಲ್ಲಿ ದ್ರಾಪಾ ಙೊನ್‌ಶೆ ಹೊರತೆಗೆದ, ಕೈಯಿಂದ ಕೈಗೆ ಬಂದು ವೈದ್ಯ ಯುಥೋಕ್ ಯೊಂತೆನ್ ಗೊನ್ಪೊ (1126–1202) ಅವರಿಗೆ ಸಿಕ್ಕಿತು.

ಇದನ್ನು ಒಪ್ಪದವರಲ್ಲಿ ದೊಡ್ಡ ಹೆಸರು ಝುರ್‌ಖಾರ್ ಲೊದ್ರೊ ಗ್ಯಾಲ್ಪೊ (1509–1579). ಅವರ ವಾದ ಪಠ್ಯದೊಳಗಿನ ವಸ್ತುಗಳ ಮೇಲೆ ನಿಂತಿದೆ. ಮೂತ್ರಪರೀಕ್ಷೆಗೆ ಪಿಂಗಾಣಿ ಬಟ್ಟಲು ಹೇಳಿದೆ. ಚಹಾ ಬರುತ್ತದೆ. ಟಿಬೆಟನ್ನರ ಸಂಪಾ (ಹುರಿದ ಬಾರ್ಲಿ) ಹಿಟ್ಟು ಬರುತ್ತದೆ. ನಾಡೀಪರೀಕ್ಷೆ ಚೀನಾದ ಕ್ರಮದ್ದು. ಭಾರತದಲ್ಲಿ ಬುದ್ಧ ಹೇಳಿದ ಗ್ರಂಥದಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಬರೆದವರು ಯುಥೋಕರೇ, ಬುದ್ಧವಚನದ ರೂಪ ಕೊಟ್ಟಿದ್ದಾರೆ ಅನ್ನುವುದು ಅವರ ನಿಲುವು. ಇನ್ನೊಂದು ಗಟ್ಟಿ ಸಾಕ್ಷ್ಯ: ಬುದ್ಧವಚನದ ಸಂಗ್ರಹವಾದ ಕಾಂಗ್ಯೂರಿನಲ್ಲಿ ಗ್ಯುಶಿ ಇಲ್ಲ.

ಎದುರು ನಿಂತವರು ದೇಸಿ ಸಾಂಗ್ಯೆ ಗ್ಯಾತ್ಸೊ (1653–1705), ಐದನೇ ದಲೈ ಲಾಮಾ ಆಡಳಿತದ ರೀಜೆಂಟ್ (ರಾಜಪ್ರತಿನಿಧಿ). ಗ್ಯುಶಿಗೆ ನೀಲವೈಡೂರ್ಯ ಎಂಬ ದೊಡ್ಡ ವ್ಯಾಖ್ಯಾನವನ್ನು 1688ರಲ್ಲಿ ಮುಗಿಸಿದರು, 79 ಚಿತ್ರಪಟ ಬರೆಸಿದರು, 1696ರಲ್ಲಿ ಲಾಸಾದ ಚಾಗ್ಪೋರಿ ಗುಡ್ಡದ ಮೇಲೆ ವೈದ್ಯವಿಹಾರ ಕಟ್ಟಿದರು. ಇದು ಬುದ್ಧವಚನವೇ, ಯುಥೋಕ್ ಪರಿಷ್ಕರಿಸಿದರು ಅಷ್ಟೆ ಎಂದು ಅವರು ವಾದಿಸಿದರು. ವೈದ್ಯವನ್ನು ಧರ್ಮರಾಜ್ಯದ ಅಂಗ ಮಾಡುವವರಿಗೆ ಗ್ರಂಥದ ಮೂಲ ಬುದ್ಧನಲ್ಲೇ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇಂದು ಇತಿಹಾಸಕಾರರು ಹೆಚ್ಚಾಗಿ ಝುರ್‌ಖಾರ್ ಕಡೆಗಿದ್ದಾರೆ, ನಾನೂ ಅಷ್ಟೆ.

ಟಿಬೆಟ್ಟಿನ ಇನ್ನೊಂದು ಧರ್ಮವಾದ ಬೋನ್‌ನವರದು ಮೂರನೇ ಹಕ್ಕು. ತಮ್ಮ ವೈದ್ಯಗ್ರಂಥ ಬುಮ್‌ಶಿಯನ್ನೇ ತಿದ್ದಿ ಗ್ಯುಶಿ ಮಾಡಿದ್ದಾರೆ ಅನ್ನುತ್ತಾರೆ.

ಪಾಳಿಪತ್ರ:
ವೈಡೂರ್ಯ ಅವರೇ, ಇದನ್ನು ಬರೀ ಅಧಿಕಾರದ ರಾಜಕಾರಣಕ್ಕೆ ಇಳಿಸಿದರೆ ಅರ್ಧ ಬಿಟ್ಟ ಹಾಗಾಗುತ್ತದೆ. ಮಹಾಯಾನದಲ್ಲಿ ಚಿಕಿತ್ಸಾವಿದ್ಯೆ ಪಂಚವಿದ್ಯೆಗಳಲ್ಲಿ ಒಂದು: ಶಬ್ದ (ವ್ಯಾಕರಣ), ಹೇತು (ತರ್ಕ), ಶಿಲ್ಪ, ಚಿಕಿತ್ಸೆ, ಅಧ್ಯಾತ್ಮ. ಈ ಐದರಲ್ಲಿ ಶ್ರಮಿಸದೆ ಸಾಧನೆಯಲ್ಲಿ ಮೇಲೇರಿ ಆರ್ಯನಾದವನಿಗೂ ಸರ್ವಜ್ಞತ್ವ ಸಿಗದು ಅಂತ ಮಹಾಯಾನಸೂತ್ರಾಲಂಕಾರ ಹೇಳುತ್ತದೆ. ಆ ಚಿಂತನೆಯಲ್ಲಿ ಜನರಿಗೆ ಒಳಿತಾಗುವ ಮಾತು ಯಾರ ಬಾಯಿಂದ ಬಂದರೂ ಬುದ್ಧನ ಆಶಯದ ಒಳಗೇ. ಯುಥೋಕ್ ಬುದ್ಧನ ಬಾಯಲ್ಲಿ ಇಟ್ಟು ಬರೆದದ್ದು ಆಗಿನ ಓದುಗರಿಗೆ ಮೋಸವಾಗಿ ಕಂಡಿರಲಾರದು.

ವೈಡೂರ್ಯ:
ಆ ಮಾತು ಸರಿ. ಆದರೆ ಅದೇ ಚಿಂತನೆಯಲ್ಲಿ ಬೆಳೆದ ಝುರ್‌ಖಾರ್, ಪಿಂಗಾಣಿ ಬಟ್ಟಲು ಹಿಡಿದು ಪ್ರಶ್ನೆ ಎತ್ತಿದರಲ್ಲ, ಅದನ್ನೂ ಮರೆಯಬಾರದು. ಅನುಮಾನ ಬಂದದ್ದು ಹೊರಗಿನಿಂದಲ್ಲ.

ಮಣಿಕಟ್ಟು:
ನಾಡಿ, ಮೂತ್ರ ಎರಡರ ಬಗ್ಗೆ ವಿವರವಾಗಿ ಬರೆಯುತ್ತೇನೆ, ಬೌದ್ಧವಲ್ಲದ ಭಾಗ ಎಷ್ಟು ದೊಡ್ಡದು ಅಂತ ಗೊತ್ತಾಗಲು.

ಚರಕ, ಸುಶ್ರುತ, ವಾಗ್ಭಟ ಯಾರಲ್ಲೂ ನಾಡೀಪರೀಕ್ಷೆ ಇಲ್ಲ. ಗ್ಯುಶಿಯ ಉತ್ತರತಂತ್ರ ಶುರುವಾಗುವುದೇ ಅದರಿಂದ. ಹಿಂದಿನ ದಿನ ರೋಗಿ ಮಾಂಸ, ಮದ್ಯ, ತಣ್ಣನೆಯದು, ಅತಿಯಾದ ಊಟ, ಉಪವಾಸ, ಸಂಭೋಗ, ನಿದ್ದೆಗೆಡುವುದು ಬಿಡಬೇಕು. ಬೆಳಗಿನ ಜಾವ, ಹಾಸಿಗೆ ಬಿಟ್ಟು ಓಡಾಡುವ ಮೊದಲು ನೋಡಬೇಕು. ಮಣಿಕಟ್ಟಿನ ಗೆರೆಯಿಂದ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಬಿಟ್ಟು ತೋರು, ನಡು, ಉಂಗುರ ಬೆರಳು ಸಾಲಾಗಿ. ಬೆರಳುಗಳು ಒಂದಕ್ಕೊಂದು ತಾಗಬಾರದು. ತೋರುಬೆರಳು ಚರ್ಮದವರೆಗೆ, ನಡುಬೆರಳು ಮಾಂಸದವರೆಗೆ, ಉಂಗುರಬೆರಳು ಮೂಳೆಯವರೆಗೆ ಒತ್ತಬೇಕು. ಮೂರೂ ಬೆರಳು ಒಂದೇ ಒತ್ತಡದಲ್ಲಿ ಇಟ್ಟರೆ ಉಂಗುರಬೆರಳಿನ ಕೆಳಗೆ ಏನೂ ಸಿಗುವುದಿಲ್ಲ, ಕಲಿಯುವವರು ಎಡವುವುದು ಅಲ್ಲೇ. ವೈದ್ಯ ತನ್ನ ಒಂದು ಉಸಿರಿನ ಒಳ-ಹೊರಗೆ ಎಷ್ಟು ಬಡಿತ ಅಂತ ಎಣಿಸುತ್ತಾನೆ. ಐದು ಸಹಜ, ಹೆಚ್ಚಿದರೆ ಉಷ್ಣರೋಗ, ಕಮ್ಮಿಯಾದರೆ ಶೀತ. 100 ಬಡಿತದವರೆಗೆ ಏರುಪೇರಿಲ್ಲದೆ ಸಾಗಬೇಕು. ವೈದ್ಯನಿಗೇ ಏದುಸಿರು ಇದ್ದರೆ ಈ ಲೆಕ್ಕ ಪೂರಾ ಕೆಡುತ್ತದೆ.

ಬೆರಳಿನ ಜಾಗಗಳ ಹೆಸರು ತ್ಸೊನ್, ಕೆನ್, ಚಾಗ್. ಚೀನೀಯರ ತ್ಸುನ್, ಗುವಾನ್, ಚಿ ಎಂಬುವೇ ಇವು. ಋತುನಾಡಿಯೂ ಚೀನಾದ್ದೇ: ಪ್ರತಿ ಋತುವಿನಲ್ಲಿ 72 ದಿನ ಒಂದು ಅಂಗದ ನಾಡಿ, ಕೊನೆಯ 18 ದಿನ ಪ್ಲೀಹದ್ದು. ಅಲ್ಲಿ ಧಾತುಗಳು ಮರ, ಬೆಂಕಿ, ಮಣ್ಣು, ಲೋಹ, ನೀರು. ಅದೇ ಪುಸ್ತಕದ ಗರ್ಭದ ಅಧ್ಯಾಯದಲ್ಲಿ ಪೃಥ್ವಿ, ಜಲ, ತೇಜ, ವಾಯು, ಆಕಾಶ. ಎರಡು ಪಟ್ಟಿಯನ್ನೂ ಹೊಂದಿಸುವ ಗೋಜಿಗೆ ಹೋಗದೆ ಇಟ್ಟುಕೊಂಡಿದ್ದಾರೆ. ಬೌದ್ಧ ಎಳೆ ಕಾಣುವುದು ಸಹಜನಾಡಿಯಲ್ಲಿ: ಪುರುಷನಾಡಿ ದಪ್ಪ, ಸ್ತ್ರೀನಾಡಿ ಸಣ್ಣ ಮತ್ತು ಚುರುಕು, ಮೂರನೆಯದು ಮೃದುವಾಗಿ ಒಂದೇ ಸಮ ಹರಿಯುವ ಬೋಧಿಸತ್ತ್ವನಾಡಿ. ಯಾವುದು ಯಾರಲ್ಲಾದರೂ ಇರಬಹುದು.

ಮೂತ್ರಕ್ಕೆ ರಾತ್ರಿಯ ಕೊನೆಯ ಜಾವದ್ದೇ ಬೇಕು, ಮೊದಲ ಜಾವದ್ದರಲ್ಲಿ ಊಟದ ಬಣ್ಣ ಇರುತ್ತದೆ. ಹಿಂದಿನ ಸಂಜೆ ಕಡುಚಹಾ, ಮಜ್ಜಿಗೆ, ಮದ್ಯ ಬೇಡ. ಬಿಳಿ ಪಿಂಗಾಣಿ ಬಟ್ಟಲೇ ಆಗಬೇಕು, ತಾಮ್ರ, ಕಬ್ಬಿಣದ ಪಾತ್ರೆ ಬಣ್ಣ ಬದಲಿಸುತ್ತವೆ. ಒಟ್ಟು ಒಂಬತ್ತು ಗುರುತು. ಬಿಸಿಯಿರುವಾಗ ಬಣ್ಣ, ಹಬೆ, ವಾಸನೆ, ಗುಳ್ಳೆ. ಉಗುರುಬೆಚ್ಚಗಾದಾಗ ಗಸಿ ಮತ್ತು ಮೇಲಿನ ಕೆನೆ. ತಣಿದ ಮೇಲೆ ಬದಲಾದ ಹೊತ್ತು, ಬದಲಾದ ರೀತಿ, ಬದಲಾದ ಮೇಲಿನ ಸ್ವರೂಪ. ಕಡ್ಡಿಯಿಂದ ಕಲಕಿದಾಗ ದೊಡ್ಡ ನೀಲಿ ಗುಳ್ಳೆ ಬಂದರೆ ಲುಂಗ್, ಸಣ್ಣ ಗುಳ್ಳೆ ಬೇಗ ಒಡೆದರೆ ಟ್ರೀಪಾ, ಜೊಲ್ಲಿನ ಹಾಗೆ ಬಿಡದೆ ನಿಂತರೆ ಬೇಕೆನ್. ರೋಗಿ ಬಾಟಲಿಯಲ್ಲಿ ತುಂಬಿಕೊಂಡು ತಡವಾಗಿ ಬಂದರೆ ಮೊದಲ ನಾಲ್ಕು ಗುರುತೂ ಕೈಬಿಟ್ಟವು ಅಂತಲೇ.

ಕಾಡುಹಾದಿ:
ಧ್ಯಾನ ಮಾಡುವ ಭಿಕ್ಷುಗಳಿಗೇ ಬರುವ ಒಂದು ಕಾಯಿಲೆ ಇದೆ ಅಂತಾರಲ್ಲ ಸಾರ್, ಅದು ಗ್ಯುಶಿಯಲ್ಲಿದೆಯೇ?

ಮಣಿಕಟ್ಟು:
ಸೋಕ್‌ಲುಂಗ್ ಅನ್ನುತ್ತಾರೆ, ಹೃದಯದ ಸುತ್ತ ಇರುವ ಪ್ರಾಣವಾಯು ಕೆಡುವುದು. ನಿದ್ದೆ ಬಾರದು, ಎದೆ ಬಿಗಿತ, ಕಾರಣವಿಲ್ಲದ ಹೆದರಿಕೆ, ಅಳು, ಮಾತು ತಪ್ಪುವುದು. ಲುಂಗ್ ಕೆಡಲು ಗ್ರಂಥ ಕೊಡುವ ಕಾರಣಗಳು: ಕಹಿ, ಹಗುರ, ಒಣ ಆಹಾರ, ಹಸಿದ ಹೊಟ್ಟೆಯಲ್ಲಿ ದುಡಿಮೆ, ಕಡಿಮೆ ನಿದ್ದೆ, ದುಃಖ, ಹೊಟ್ಟೆಗಿಲ್ಲದೆ ಹೆಚ್ಚು ಮಾತು. ಏಕಾಂತವ್ರತ ಹಿಡಿದು ಉಸಿರು ಬಿಗಿಹಿಡಿಯುವ ಸಾಧಕನಲ್ಲಿ ಇವೆಲ್ಲ ಒಟ್ಟಿಗೆ ಸೇರುತ್ತವೆ. ಮನಸ್ಸನ್ನು ಬಲವಂತವಾಗಿ ಒಂದೆಡೆ ಒತ್ತಿದಷ್ಟೂ ಜೋರಾಗುತ್ತದೆ.

ಇಲ್ಲಿ ವೈದ್ಯಕ್ಕೂ ವಿಹಾರಕ್ಕೂ ನೇರ ಘರ್ಷಣೆ. ಲುಂಗ್‌ಗೆ ಹೇಳಿದ ಪಥ್ಯ ಮೂಳೆಸಾರು, ಹಳೆಯ ಮಾಂಸ, ಬೆಣ್ಣೆ, ಬೆಲ್ಲ, ಬೆಳ್ಳುಳ್ಳಿ, ಛಾಂಗ್ ಮದ್ಯ. ದಿನಚರಿಗೆ ಹೇಳಿದ್ದು ಬೆಚ್ಚಗಿನ ಮಬ್ಬುಬೆಳಕಿನ ಕೋಣೆ, ಆಪ್ತರ ಒಡನಾಟ, ಹಿತವಾದ ಮಾತು. ಭಿಕ್ಷುವಿನ ವ್ರತಕ್ಕೆ ಇದರಲ್ಲಿ ಎಷ್ಟೋ ಸಲ್ಲವು. ಧ್ಯಾನ ನಿಲ್ಲಿಸು ಅಂತ ಹೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಅದನ್ನು ವೈದ್ಯ ಧೈರ್ಯವಾಗಿ ಹೇಳಬೇಕು.

ಹೊರಗಿನಿಂದ ಎಳ್ಳೆಣ್ಣೆ ತೀಡುವುದು, ಆಮೇಲೆ ಹೊರ್ಮೆ. ಸೀಮೆಜೀರಿಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಣ್ಣೆ ಅಥವಾ ಬೆಣ್ಣೆಯಲ್ಲಿ ಅದ್ದಿ, ಮೊದಲು ತನ್ನ ಕೈಯ ಮೇಲೆ ಬಿಸಿ ನೋಡಿಕೊಂಡು, ನೆತ್ತಿ, ಕತ್ತಿನ ಬುಡದ ಉಬ್ಬು ಮೂಳೆ, ಅದನ್ನೇ ಒಂದು ಅಂತ ಎಣಿಸಿ ಕೆಳಗೆ ಆರು ಮತ್ತು ಏಳನೇ ಕಶೇರುಕ, ಎದೆಯ ನಡುಮೂಳೆ, ಇಲ್ಲಿ ಒತ್ತಿ ತೆಗೆಯುತ್ತಾರೆ. ಎಣಿಕೆ ತಪ್ಪಿ ಉಬ್ಬುಮೂಳೆಯ ಕೆಳಗಿನದರಿಂದ ಶುರು ಮಾಡಿದರೆ ಬಿಂದುವೇ ತಪ್ಪುತ್ತದೆ. ಹೊಟ್ಟೆಗೆ ಅಗರು, ಜಾಯಿಕಾಯಿ ಸೇರಿದ ಔಷಧಗಳು, ಅಗರು 35 ಎಂಬ ಔಷಧದಂಥವು.

ಶಾಸನಪ್ರಿಯ:
ದೆವ್ವ, ಗ್ರಹಬಾಧೆ? ಬೌದ್ಧ ವೈದ್ಯದಲ್ಲಿ ಅದಕ್ಕೆ ಜಾಗ ಇದೆಯೇ?

ವೈಡೂರ್ಯ:
ಇದೆ. ಉಪದೇಶತಂತ್ರದ 77ರಿಂದ 81ರವರೆಗೆ ಐದು ಅಧ್ಯಾಯ: ಭೂತಗಳು, ಉನ್ಮಾದ, ಅಪಸ್ಮಾರ, ಗ್ರಹ, ನಾಗ. ಪಾರ್ಶ್ವವಾಯು ಗ್ರಹದ ಲೆಕ್ಕಕ್ಕೆ, ಕುಷ್ಠ ನಾಗದ ಲೆಕ್ಕಕ್ಕೆ. ನಾಗ ಮುನಿದರೆ ಚರ್ಮರೋಗ ಅನ್ನುವ ನಂಬಿಕೆ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಅಧ್ಯಾಯಗಳಲ್ಲೂ ಪೂಜೆ, ಮಂತ್ರದ ಪಕ್ಕದಲ್ಲೇ ಔಷಧ, ಪಥ್ಯ ಇದೆ.

ಅಳಲೆಮರ:
ದ್ರವ್ಯಗಳ ಕಡೆ ಬರೋಣ. ಭೈಷಜ್ಯಗುರುವಿನ ಬಲಗೈಯಲ್ಲಿ ಇರುವುದು ನಮ್ಮ ಅಳಲೆಕಾಯಿ, ಟಿಬೆಟನ್ನಲ್ಲಿ ಅರುರಾ. ಪಾಳಿಪತ್ರ ಅವರು ಹೇಳಿದ ಪಾಂಡುರೋಗದ ಮದ್ದೂ ಅದೇ. ತಾನಾದುಗ್ ನಗರಿಯ ನಾಲ್ಕು ದಿಕ್ಕಿಗೆ ನಾಲ್ಕು ಬೆಟ್ಟ. ಪೂರ್ವದ ಗಂಧಬೆಟ್ಟದಲ್ಲಿ ಅಳಲೆಕಾಡು. ದಕ್ಷಿಣದ ವಿಂಧ್ಯದಲ್ಲಿ ಉಷ್ಣವೀರ್ಯದವು (ವೀರ್ಯ ಅಂದರೆ ಇಲ್ಲಿ ದ್ರವ್ಯದ ಶಕ್ತಿ): ದಾಳಿಂಬೆ, ಕರಿಮೆಣಸು, ಹಿಪ್ಪಲಿ. ಉತ್ತರದ ಹಿಮವಂತದಲ್ಲಿ ಶೀತವೀರ್ಯದವು: ಶ್ರೀಗಂಧ, ಕರ್ಪೂರ, ಬೇವು. ಪಶ್ಚಿಮದ ಮಲಯದಲ್ಲಿ ಆರು ಉತ್ತಮದ್ರವ್ಯ: ಶ್ವಾಸಕೋಶಕ್ಕೆ ವಂಶಲೋಚನ, ಯಕೃತ್ತಿಗೆ ಕೇಸರಿ, ಪ್ರಾಣನಾಡಿಗೆ ಲವಂಗ, ಹೃದಯಕ್ಕೆ ಜಾಯಿಕಾಯಿ, ಮೂತ್ರಪಿಂಡಕ್ಕೆ ಏಲಕ್ಕಿ, ಪ್ಲೀಹಕ್ಕೆ ದೊಡ್ಡ ಏಲಕ್ಕಿ. ಇವುಗಳಲ್ಲಿ ಬಹುಪಾಲು ಟಿಬೆಟ್ಟಿನಲ್ಲಿ ಬೆಳೆಯುವುದೇ ಇಲ್ಲ, ವ್ಯಾಪಾರಿಗಳೇ ಹೊತ್ತು ತರಬೇಕಿತ್ತು. ಶ್ರೀಗಂಧವನ್ನು ಹಿಮಾಲಯದಲ್ಲಿ ಇಟ್ಟದ್ದು ನೋಡಿದರೆ ಇದು ವೀರ್ಯದ ನಕ್ಷೆ, ಭೂಗೋಳದ್ದಲ್ಲ.

ಮಾಡುವ ಹಂತದಲ್ಲಿ ಧರ್ಮ ಸೇರುವುದು ಮೆನ್‌ದ್ರುಪ್ ಎಂಬ ಔಷಧಸಾಧನೆಯಲ್ಲಿ. ಪುಡಿ ಮಾಡಿದ ಔಷಧವನ್ನು ಮಂಡಲದ ನಡುವೆ ಇಟ್ಟು ಭಿಕ್ಷುಗಳು ದಿನಗಟ್ಟಲೆ ಜಪ ನಡೆಸುತ್ತಾರೆ. ಹಿಂದಿನ ಸಾಧನೆಯಲ್ಲಿ ಆದ ಔಷಧದ ಒಂದಿಷ್ಟನ್ನು ಹೊಸದಕ್ಕೆ ಸೇರಿಸುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ವೈದ್ಯನ ಸ್ವಂತ ಸಾಧನೆಗೆ ಯುಥೋಕ್ ಞಿಂಗ್‌ಥಿಗ್ ಎಂಬ ಪದ್ಧತಿ ಇದೆ, ಯುಥೋಕರಿಂದ ಶಿಷ್ಯ ಸುಮ್‌ತೊನ್ ಯೇಶೆ ಸುಂಗ್ ಮೂಲಕ ಬಂದದ್ದು.

ರಿಂಚೆನ್ ರಿಲ್ಬು, ಅಂದರೆ ರತ್ನಗುಳಿಗೆಗಳ ಕ್ರಮ: ಬಣ್ಣದ ರೇಷ್ಮೆಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿರುತ್ತದೆ, ಬೆಳಕು ಬೀಳಬಾರದು ಅಂತ. ಹಿಂದಿನ ರಾತ್ರಿ ಗುಳಿಗೆ ಪುಡಿ ಮಾಡಿ, ಪಿಂಗಾಣಿ ಬಟ್ಟಲಲ್ಲಿ ಬಿಸಿನೀರಿಗೆ ಹಾಕಿ, ಬಟ್ಟೆ ಮುಚ್ಚಿಡುವುದು. ಬೆಳಕು ಹರಿಯುವ ಮುನ್ನ ಎದ್ದು ಉಂಗುರಬೆರಳಿನಿಂದ ಕಲಕಿ, ‘ತದ್ಯಥಾ ಓಂ ಭೈಷಜ್ಯೇ ಭೈಷಜ್ಯೇ ಮಹಾಭೈಷಜ್ಯೇ’ ಮಂತ್ರ ಹೇಳಿ ಕುಡಿಯುವುದು, ಮೇಲೆ ಸ್ವಲ್ಪ ಬಿಸಿನೀರು, ಬೆಚ್ಚಗೆ ಹೊದ್ದು ಮಲಗುವುದು. ಅಂದು ಮಾಂಸ, ಮೊಟ್ಟೆ, ಹುಳಿ, ಖಾರ, ಹಸಿ ತರಕಾರಿ, ಮದ್ಯ, ತಣ್ಣೀರಸ್ನಾನ ಬೇಡ. ಗುಳಿಗೆ ಕಲ್ಲಿನಷ್ಟು ಗಟ್ಟಿ, ಇಡಿಯಾಗಿ ನುಂಗಿದರೆ ಕರಗದೆ ಹೊರಹೋಗುವುದೇ ಹೆಚ್ಚು.

ವಾಗ್ಭಟಪಾಠ:
ಅದರಲ್ಲಿ ಪಾದರಸ ಇರುವುದನ್ನು ಬಿಟ್ಟಿರಲ್ಲ.

ಅಳಲೆಮರ:
ಬರೆಯುವವನಿದ್ದೆ. ಎಲ್ಲ ರತ್ನಗುಳಿಗೆಯಲ್ಲಿ ಅಲ್ಲ, ಹಲವದರಲ್ಲಿ ತ್ಸೊಥೆಲ್ ಸೇರುತ್ತದೆ. ಅದು ಸಂಸ್ಕರಿಸಿದ ಪಾದರಸದ ಪುಡಿ. ಈ ವಿಧಾನವನ್ನು ಟಿಬೆಟ್ಟಿನಲ್ಲಿ ನೆಲೆಗೊಳಿಸಿದವರು ಒರ್ಗ್ಯೆನ್ಪಾ ರಿಂಚೆನ್ ಪಾಲ್ (1230–1309), ಕಾಲಚಕ್ರ ಪರಂಪರೆಯ ಯೋಗಿ. ಇಲ್ಲಿ ಮಾತ್ರ ತಾಂತ್ರಿಕ ಬೌದ್ಧವೇ ಔಷಧವನ್ನು ತಂದಿದೆ. ಹಂತಗಳು: ಶುಂಠಿ, ಮೆಣಸು, ಹಿಪ್ಪಲಿಯ ಜೊತೆ ಚರ್ಮದ ಚೀಲದಲ್ಲಿ ದಿನಗಟ್ಟಲೆ ತಿಕ್ಕಿ ಕಿಲುಬು ತೆಗೆಯುವುದು, ಗೋಮೂತ್ರ ಮುಂತಾದ ದ್ರವಗಳಲ್ಲಿ ಕುದಿಸಿ ತೊಳೆಯುವುದು, ಕೊನೆಗೆ ಗಂಧಕ, 8 ಲೋಹಗಳ ಬೂದಿ, 8 ಖನಿಜಗಳ ಜೊತೆ ಅರೆದು ಬಂಧಿಸುವುದು. ಸಿಗುವುದು ಕಪ್ಪು ಪುಡಿ. ಉರಿ ಜೋರಾದರೆ ಪಾದರಸ ಆವಿಯಾಗಿ ಕೆಲಸ ಮಾಡುವವರ ಪುಪ್ಪುಸಕ್ಕೇ ಹೋಗುತ್ತದೆ, ದೊಡ್ಡ ಅಪಾಯ ಅದೇ.

ವಾಗ್ಭಟಪಾಠ:
ನಮ್ಮ ರಸಶಾಸ್ತ್ರದಲ್ಲಿ ಪಾದರಸ, ಗಂಧಕ ಅರೆದು ಮಾಡುವ ಕಜ್ಜಲಿಯ ದಾರಿಯೇ ಇದು. ಗಂಧಕದ ಜೊತೆ ಬಂಧವಾದ ಪಾದರಸ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಹಾಗಾಗಿ ಹೊಟ್ಟೆಯಲ್ಲಿ ಹೀರಿಕೆ ಕಡಿಮೆ. ಹೀರಿಕೆಯೇ ಆಗದು ಅಂತಲ್ಲ. ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು, ಮಕ್ಕಳು ಮುಟ್ಟಬಾರದು. ಮಂತ್ರ ಹೇಳಿದ ಔಷಧ ಅಂತ ಪ್ರಸಾದದ ರೀತಿ ಹಂಚುವುದು, ಅಂಗಡಿಯಲ್ಲಿ ಕೊಂಡು ವರ್ಷಗಟ್ಟಲೆ ನುಂಗುವುದು ಎರಡೂ ತಪ್ಪು. ತಗೊಳ್ಳುವವರು ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿಸಿಕೊಳ್ಳಲಿ.

ಕಾಡುಹಾದಿ:
ಶರೀರರಚನೆಯಲ್ಲಿ ತಂತ್ರದ ನಾಡಿಚಕ್ರಗಳು, ಕಣ್ಣಿಗೆ ಕಾಣುವ ನರ, ರಕ್ತನಾಳಗಳು ಎರಡನ್ನೂ ಹೇಗೆ ಹೊಂದಿಸಿದರು?

ವೈಡೂರ್ಯ:
ಕಷ್ಟಪಟ್ಟೇ. ಟಿಬೆಟ್ಟಿನಲ್ಲಿ ಶವವನ್ನು ಕತ್ತರಿಸಿ ಹದ್ದಿಗೆ ಕೊಡುವ ಪದ್ಧತಿ ಇತ್ತು, ಆದ್ದರಿಂದ ದೇಹದ ಒಳಗು ಕಂಡವರು ಬಹಳ. ದೇಸಿಯವರ ಚಿತ್ರಪಟಗಳ ಶರೀರಭಾಗಕ್ಕೆ ಲೊದ್ರಾಗಿನ ನೊರ್ಬು ಗ್ಯಾತ್ಸೊ ಎಂಬ ಚಿತ್ರಗಾರರು ಶವ ನೋಡಿಯೇ ರೇಖೆ ಹಾಕಿದರು. ತಂತ್ರ ಹೇಳುವ ಮಧ್ಯನಾಡಿ ಶವದಲ್ಲಿ ಸಿಗಲಿಲ್ಲ. ಅದು ಸೂಕ್ಷ್ಮ, ಸಾಯುವಾಗ ಲಯವಾಗುತ್ತದೆ ಅಂತ ಕೆಲವರು ಅಂದರು. ಗರ್ಭದಲ್ಲಿ ಹೊಕ್ಕುಳಿಂದ ಹೊರಟು ದೇಹ ಕಟ್ಟುವ ರಚನಾನಾಡಿಯನ್ನೇ ತಂತ್ರದ ನಾಡಿಗೆ ಹೊಂದಿಸಲು ಇನ್ನು ಕೆಲವರು ನೋಡಿದರು. ಗಂಡಸರಿಗೆ ಒಂದು ಕೈ, ಹೆಂಗಸರಿಗೆ ಇನ್ನೊಂದು ಕೈಯಲ್ಲಿ ಹೃದಯದ ನಾಡಿ ನೋಡಬೇಕು ಅನ್ನುವ ನಿಯಮದ ಬಗ್ಗೆಯೂ, ಹೆಂಗಸರ ಹೃದಯದ ತುದಿ ನಿಜಕ್ಕೂ ಬಲಕ್ಕೆ ವಾಲಿದೆಯೇ ಅಂತ ವ್ಯಾಖ್ಯಾನಕಾರರು ಕಿತ್ತಾಡಿದ್ದಾರೆ. ಬುದ್ಧವಚನ ಅಂದ ಮೇಲೂ ಕಣ್ಣಿನ ಸಾಕ್ಷ್ಯ ಕೇಳುತ್ತಿದ್ದರು. ಈ ವೈದ್ಯವನ್ನು ನಾನು ಗೌರವಿಸುವುದು ಅದಕ್ಕೇ.

ಲಡಾಖ್‌ದಾರಿ:
ವಿಹಾರದಾಚೆ ಇರುವವರನ್ನೂ ನೆನೆಯಿರಿ. ಲಡಾಖಿನ ಆಮ್ಚಿಗಳು, ಅಂದರೆ ಈ ಪದ್ಧತಿಯ ವೈದ್ಯರು, ಬಹುತೇಕ ಗೃಹಸ್ಥರು, ತಂದೆಯಿಂದ ಮಗನಿಗೆ ಬರುವ ವಿದ್ಯೆ. ಹೊಲ ಉಳುತ್ತಾರೆ, ರೋಗಿಯಿಂದ ಹಣಕ್ಕಿಂತ ಬಾರ್ಲಿ, ಕೆಲಸದ ನೆರವು ಪಡೆಯುತ್ತಿದ್ದರು. ಯುಥೋಕರದೂ ವೈದ್ಯವಂಶ. ದೇಸಿಯವರೂ ಭಿಕ್ಷುವಲ್ಲ. ಚಾಗ್ಪೋರಿ ಭಿಕ್ಷುಗಳ ಸಂಸ್ಥೆಯಾಗಿತ್ತು. 13ನೇ ದಲೈ ಲಾಮಾ 1916ರಲ್ಲಿ ಖ್ಯೆನ್‌ರಾಬ್ ನೊರ್ಬು ಅವರ ಕೈಯಲ್ಲಿ ಲಾಸಾದ ಮೆನ್‌ತ್ಸೀಖಾಂಗ್ ಕಟ್ಟಿಸಿದಾಗ ಗೃಹಸ್ಥರಿಗೂ ಬಾಗಿಲು ತೆರೆಯಿತು. 1959ರಲ್ಲಿ ಚಾಗ್ಪೋರಿ ಚೀನೀ ಫಿರಂಗಿಗೆ ನೆಲಸಮವಾಯಿತು. ಮೆನ್‌ತ್ಸೀಖಾಂಗ್ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಶುರುವಾಯಿತು, ಚಾಗ್ಪೋರಿ ಹೆಸರಿನಲ್ಲಿ 1992ರಲ್ಲಿ ಡಾರ್ಜಿಲಿಂಗಿನಲ್ಲಿ ಒಂದು ಸಂಸ್ಥೆ. ಭಾರತ ಸರ್ಕಾರ 2010ರ ಕಾನೂನು ತಿದ್ದುಪಡಿಯಲ್ಲಿ ಸೋವಾ ರಿಗ್ಪಾವನ್ನು ಅಧಿಕೃತ ವೈದ್ಯಪದ್ಧತಿ ಮಾಡಿತು. ಆ ಮಾನ್ಯತೆ ಸಿಕ್ಕಿದ್ದು ವೈದ್ಯಪದ್ಧತಿಯಾಗಿ, ಧರ್ಮದ ಅಂಗವಾಗಿ ಅಲ್ಲ.

ಶಾಸನಪ್ರಿಯ:
ಎಲ್ಲರಿಗೂ ಧನ್ಯವಾದ. ಗ್ಯುಶಿ ಓದಲು ಕೂತರೆ ಎಲ್ಲಿಂದ ಹಿಡಿಯಬೇಕು?

ವೈಡೂರ್ಯ:
ಮೂಲತಂತ್ರದ ಆರು ಅಧ್ಯಾಯ ಮೊದಲು, ಕೈಯಲ್ಲಿ ಕಾಗದ ಇಟ್ಟುಕೊಂಡು ಮರ ಬರೆಯುತ್ತಾ. ಆಮೇಲೆ ಸಾಲಾಗಿ ಹೋಗಬೇಡಿ, ನೇರ ವ್ಯಾಖ್ಯಾನತಂತ್ರದ 31ನೆಯದಕ್ಕೆ ಹೋಗಿ. ಅದು ವೈದ್ಯನ ಅಧ್ಯಾಯ: ಬುದ್ಧಿ, ಶುಭ್ರವಾದ ಮನಸ್ಸು, ವ್ರತನಿಷ್ಠೆ, ಕೈಚಳಕ, ಶ್ರಮ, ಲೋಕರೂಢಿಯ ತಿಳಿವಳಿಕೆ ಎಂಬ ಆರು ಗುಣ. ಗುರುವನ್ನು ಬುದ್ಧನಂತೆ ಕಾಣು, ರೋಗಿಯನ್ನು ಮಗುವಿನಂತೆ ಕಾಣು, ಕೀವು ರಕ್ತಕ್ಕೆ ನಾಯಿ ಹಂದಿ ಹೇಸದ ಹಾಗೆ ಹೇಸದಿರು ಅನ್ನುವ ನಿಯಮಗಳೂ ಅಲ್ಲೇ. ಅದಾದ ಮೇಲೆ 2, 4ನೇ ಅಧ್ಯಾಯ, ಪಕ್ಕದಲ್ಲಿ ಅಷ್ಟಾಂಗಹೃದಯದ ಶಾರೀರಸ್ಥಾನ ತೆರೆದಿಟ್ಟುಕೊಂಡು. ಉಪದೇಶತಂತ್ರದ 92 ಅಧ್ಯಾಯ ಒಮ್ಮೆಲೇ ಓದುವಂಥದ್ದಲ್ಲ, ಒಂದು ರೋಗ ಆರಿಸಿಕೊಂಡು ಅದರ ಕಾರಣ, ಲಕ್ಷಣ, ಪಥ್ಯ, ಔಷಧ ಪೂರ್ತಿ ಹಿಡಿಯಿರಿ. ಮೊದಲಿಗೆ ಲುಂಗ್ ಅಧ್ಯಾಯ ತಗೊಳ್ಳಿ, ಮಣಿಕಟ್ಟು ಅವರು ಬರೆದದ್ದು ಜೊತೆಗೆ ಅನುಕೂಲವಾಗುತ್ತದೆ.